ಮೀಟರ್ 1.35 ತೋರಿಸ್ತಿದೆ, ಸೆಲ್ ಚೆನ್ನಾಗಿದೆ ತಾನೆ?

ಪ್ರಶ್ನೆ: ಸರ್, ನಮ್ಮಲ್ಲಿ ನಾಲ್ಕು ರೀಚಾರ್ಜಬಲ್ ಪೆನ್ಸಿಲ್ ಸೆಲ್ ಇವೆ, ಮೇಲೆ 2000 ಎಂಎಎಚ್ ಅಂತ ಬರೆದಿದೆ. ಎರಡು ವರ್ಷ ಹಳೆಯವು. ಚಾರ್ಜ್ ಮಾಡಿ ಮಲ್ಟಿಮೀಟರ್ ಹಿಡಿದರೆ ನಾಲ್ಕೂ 1.35 ವೋಲ್ಟ್ ತೋರಿಸುತ್ತವೆ. ಆದರೂ ಕಾರ್ಡ್‌ಲೆಸ್ ಮೈಕಿಗೆ ಎರಡು ಹಾಕಿದರೆ ಭಾಷಣ ಮುಗಿಯುವ ಮೊದಲೇ ಕೈಕೊಡುತ್ತವೆ. ಸೆಲ್ ಸರಿಯಿದೆ ಅಂದಮೇಲೆ ಮೈಕೇ ಕೆಟ್ಟಿದೆಯಾ?

ಉತ್ತರ: ದಯವಿಟ್ಟು ಮೈಕನ್ನು ರಿಪೇರಿಗೆ ಕೊಡಬೇಡಿ. ಸೆಲ್ ಸರಿಯಿದೆ ಎಂದು ನಿಮಗೆ ಹೇಳಿದ್ದು ಯಾರು? ಮೀಟರ್ ಹೇಳಿದ್ದು 1.35 ವೋಲ್ಟ್ ಅಂತ ಮಾತ್ರ, ಮಿಕ್ಕಿದ್ದನ್ನು ನೀವೇ ಸೇರಿಸಿಕೊಂಡಿದ್ದೀರಿ. ಇದೇ ಪ್ರಶ್ನೆಗೆ ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಒಬ್ಬರದು ಟಾರ್ಚ್, ಇನ್ನೊಬ್ಬರದು ಮಗುವಿನ ರಿಮೋಟ್ ಕಾರು, ಮತ್ತೊಬ್ಬರದು ಕ್ಯಾಮೆರಾ ಫ್ಲ್ಯಾಶ್. ಎಲ್ಲರೂ ನಂಬಿರುವುದು ಮಾತ್ರ ಮೀಟರನ್ನೇ. ಈ ಸಲ ಪೂರ್ತಿಯಾಗಿ ಬರೆಯುತ್ತೇನೆ.

ಹೂಳು ತುಂಬಿದ ಕೆರೆಯನ್ನು ನೀವು ನೋಡಿರುತ್ತೀರಿ. ಒಳ್ಳೆ ಮಳೆ ಬಂದರೆ ಅದೂ ಕೋಡಿ ಬೀಳುತ್ತದೆ. ಏರಿಯ ಮೇಲೆ ನಿಂತವರಿಗೆ ತುಂಬಿದ ಕೆರೆಯೇ ಕಾಣುತ್ತದೆ. ತೂಬು ಎತ್ತಿದ ಮೇಲೆ ನೀರು ಎಷ್ಟು ದಿನ ಬರುತ್ತದೆ, ಎಷ್ಟು ಎಕರೆ ನೆನೆಯುತ್ತದೆ ಎಂಬುದು ಆ ಮಟ್ಟದಿಂದ ತಿಳಿಯುವುದಿಲ್ಲ. ವೋಲ್ಟೇಜ್ ಎಂದರೆ ನೀರಿನ ಮಟ್ಟ. ಎಂಎಎಚ್ (ಮಿಲಿಆಂಪ್ ಅವರ್, ಅಂದರೆ ಎಷ್ಟು ಮಿಲಿಆಂಪ್ ಕರೆಂಟು ಎಷ್ಟು ಗಂಟೆ ಬರುತ್ತದೆ ಎಂಬ ಲೆಕ್ಕ) ಎಂದರೆ ಏರಿಯ ಒಳಗೆ ನಿಜವಾಗಿ ಇರುವ ನೀರು. ಹೂಳೆಷ್ಟಿದೆ ಎಂದು ತಿಳಿಯಬೇಕಾದರೆ ನೀರು ಬಿಟ್ಟೇ ನೋಡಬೇಕು.

ಮೀಟರಿನ ಮೇಲಿನ ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಟ್ರಾನ್ಸಿಸ್ಟರ್ ರೇಡಿಯೊ ಕಾಲದ ಸಾಧಾರಣ ಸೆಲ್ಲು, ಈಗಿನ ಆಲ್ಕಲೈನ್ ಸೆಲ್ಲು, ಇವೆರಡೂ 1.5ರ ಮೇಲೆ ಶುರುವಾಗಿ ಖರ್ಚಾದಂತೆಲ್ಲ ಒಂದೊಂದೇ ಮೆಟ್ಟಿಲು ಇಳಿಯುತ್ತವೆ. ಅಲ್ಲಿ ಮೀಟರ್ ನೋಡಿ 'ಅರ್ಧ ಖಾಲಿ' ಎಂದು ಅಂದಾಜು ಹೇಳಬಹುದಿತ್ತು. ನಿಮ್ಮ ಕೈಯಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್. ಚಾರ್ಜರ್‌ನಿಂದ ತೆಗೆದಾಗ 1.4ರ ಆಸುಪಾಸು ಇರುತ್ತದೆ, ಕೆಲಸಕ್ಕೆ ಹಚ್ಚಿದ ಸ್ವಲ್ಪ ಹೊತ್ತಿಗೆ 1.25ಕ್ಕೆ ಬಂದು ಕೂರುತ್ತದೆ. ಆಮೇಲೆ ಬಹುಪಾಲು ಆಯುಸ್ಸನ್ನು 1.25 ಮತ್ತು 1.2ರ ನಡುವೆಯೇ ಕಳೆದು, ಕೊನೆಯಲ್ಲಿ ಒಮ್ಮೆಲೇ ಕುಸಿಯುತ್ತದೆ. ಅಷ್ಟು ಸಪಾಟಾದ ದಾರಿಯಲ್ಲಿ ಎಲ್ಲಿದ್ದೇವೆ ಎಂದು ಮಟ್ಟ ನೋಡಿ ಹೇಳುವುದು ಹೇಗೆ?

ನನ್ನ ಮೇಜಿನ ಮೇಲೆ ನಡೆದದ್ದನ್ನು ಹೇಳುತ್ತೇನೆ. ಒಂದೇ ಕಂಪನಿಯ ಎರಡು ಸೆಲ್, ಎರಡರ ಮೇಲೂ 2000. ಒಂದು ಹೊಸದು, ಇನ್ನೊಂದು ವರ್ಷಗಟ್ಟಲೆ ದುಡಿದದ್ದು. ಚಾರ್ಜ್ ಮಾಡಿ ಒಂದು ಗಂಟೆ ಬಿಟ್ಟು ಅಳೆದಾಗ ಒಂದು 1.37, ಇನ್ನೊಂದು 1.36. ಕರೆಂಟ್ ಎಳೆಯಲೆಂದು ಎರಡಕ್ಕೂ 2.2 ಓಮ್ ರೆಸಿಸ್ಟರ್ ಕಟ್ಟಿದೆ. ಹೊಸದು 1.28ಕ್ಕೆ ಇಳಿದು ಅಲ್ಲೇ ನಿಂತಿತು. ಹಳೆಯದು ಕಟ್ಟಿದ ಕ್ಷಣವೇ 1.15. ಒಳಗಿನ ತಡೆ ಹೆಚ್ಚಿದ್ದರೆ ಹೀಗೇ ಆಗುವುದು. ಕೆರೆಗೆ ಹೂಳಿನ ಜೊತೆಗೆ ತೂಬೂ ಕಟ್ಟಿಕೊಂಡಿತ್ತು. ಹೊಸದು 1 ವೋಲ್ಟಿಗೆ ಇಳಿಯಲು ಮೂರು ಗಂಟೆ ಮೂವತ್ತೈದು ನಿಮಿಷ ತೆಗೆದುಕೊಂಡಿತು, ಹಳೆಯದು ಐವತ್ತೇ ನಿಮಿಷ. ಮೀಟರ್ ಕಂಡ ವ್ಯತ್ಯಾಸ ವೋಲ್ಟಿನ ನೂರನೇ ಒಂದು ಭಾಗ. ಕೆಲಸದಲ್ಲಿ ಕಂಡದ್ದು ನಾಲ್ಕು ಪಟ್ಟು!

ಮಲ್ಟಿಮೀಟರನ್ನು 10 ಆಂಪ್ ರೇಂಜಿಗೆ ಹಾಕಿ ಸೆಲ್ಲಿನ ಎರಡು ತುದಿಗೆ ನೇರವಾಗಿ ಹಿಡಿಯುವವರೂ ಇದ್ದಾರೆ. ಅದು ಪರೀಕ್ಷೆಯಲ್ಲ, ಶಾರ್ಟ್ ಸರ್ಕ್ಯೂಟ್. ಈ ಸೆಲ್ಲುಗಳಿಂದ ಹತ್ತು ಆಂಪ್ ದಾಟಿ ಹರಿಯಬಹುದು, ಮೀಟರಿನ ಫ್ಯೂಸ್ ಹೋಗಬಹುದು.

ಮನೆಯಲ್ಲಿ ಮಾಡುವ ಕ್ರಮ ಇಷ್ಟೆ. 2.2 ಓಮ್, 5 ವಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್ ಒಂದು, ಸೆಲ್ ಹೋಲ್ಡರ್ ಒಂದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎರಡೂ ಕೆಲವೇ ರೂಪಾಯಿಗೆ ಸಿಗುತ್ತವೆ. ಸೆಲ್ ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ತಣಿಯಲು ಬಿಡಿ. ರೆಸಿಸ್ಟರ್ ಕಟ್ಟಿ ಗಡಿಯಾರ ನೋಡಿಕೊಳ್ಳಿ. ಮೀಟರಿನ ಕಡ್ಡಿಗಳನ್ನು ಹೋಲ್ಡರಿನ ತಂತಿಗಲ್ಲ, ಸೆಲ್ಲಿನ ತುದಿಗೇ ಮುಟ್ಟಿಸಿ; ಸ್ಪ್ರಿಂಗ್ ಕೂಡ ಸ್ವಲ್ಪ ವೋಲ್ಟೇಜ್ ತಿನ್ನುತ್ತದೆ. ಮೊದಲು ಅರ್ಧ ಗಂಟೆಗೊಮ್ಮೆ ಅಳೆದರೆ ಸಾಕು, 1.15ಕ್ಕೆ ಬಂದ ಮೇಲೆ ಪಕ್ಕದಿಂದ ಏಳಬೇಡಿ. 1 ವೋಲ್ಟ್ ಆದ ತಕ್ಷಣ ಬಿಚ್ಚಿ. ಸರಾಸರಿ 1.2 ವೋಲ್ಟನ್ನು 2.2ರಿಂದ ಭಾಗಿಸಿದರೆ ಸುಮಾರು 545 ಮಿಲಿಆಂಪ್. ಅದನ್ನು ಗಂಟೆಗಳಿಂದ ಗುಣಿಸಿ. ನನ್ನ ಹೊಸ ಸೆಲ್ಲಿಗೆ ಸುಮಾರು 1950 ಬಂತು, ಹಳೆಯದಕ್ಕೆ ಹೆಚ್ಚೆಂದರೆ 450. ರಿಮೋಟಿನ ಸಣ್ಣ ಸೆಲ್ಲಿಗೆ 4.7 ಓಮ್ ಹಾಕಿ, ಗಂಟೆಗಳನ್ನು 255ರಿಂದ ಗುಣಿಸಿ. ಇದೆಲ್ಲ ನಿಕಲ್ ಸೆಲ್ಲಿಗೆ ಮಾತ್ರ, ಲಿಥಿಯಂ ಸೆಲ್ಲಿಗೆ ಹೀಗೆ ಮಾಡಬೇಡಿ.

ಸೆಲ್ಲಿನ ಮೇಲೆ ಬರೆಯುವ ಸಂಖ್ಯೆಗೂ ಒಂದು ಅಂತರರಾಷ್ಟ್ರೀಯ ನಿಯಮವಿದೆ, ಅದರ ಹೆಸರು ಐಇಸಿ 61951-2. ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟಿನಲ್ಲಿ 16 ಗಂಟೆ ಚಾರ್ಜ್, ನಂತರ ವಿಶ್ರಾಂತಿ, ಆಮೇಲೆ ಐದನೇ ಒಂದು ಭಾಗದಲ್ಲಿ 1 ವೋಲ್ಟಿನವರೆಗೆ ಖಾಲಿ ಮಾಡುವುದು. ನಮ್ಮ ರೆಸಿಸ್ಟರ್ ಅದಕ್ಕಿಂತ ತುಸು ಜೋರಾಗಿ ಎಳೆಯುತ್ತದೆ, ಆದ್ದರಿಂದ ಸ್ವಲ್ಪ ಕಡಿಮೆ ಬಂದರೆ ಗಾಬರಿಯಾಗಬೇಡಿ. ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಮಲಗಿದ್ದ ಸೆಲ್ಲನ್ನು ಎರಡು ಮೂರು ಸಲ ಚಾರ್ಜ್ ಮಾಡಿ ಬಳಸಿದ ನಂತರವೇ ತೀರ್ಪು ಕೊಡಿ, ಸಾಮರ್ಥ್ಯ ಮೇಲೇರುವುದುಂಟು. ಇನ್ನು ಪೆನ್ಸಿಲ್ ಸೈಜಿನ ನಿಕಲ್ ಸೆಲ್ಲಿನ ಮೇಲೆ 3000 ದಾಟಿದ ಸಂಖ್ಯೆ ಕಂಡರೆ ಅಳೆಯುವ ಶ್ರಮವೂ ಬೇಡ, ಕೊಳ್ಳಬೇಡಿ.

ಸ್ಕ್ರೀನ್ ಇರುವ ಚಾರ್ಜರ್ ಇದ್ದವರಿಗೆ ಈ ಕೆಲಸವನ್ನು ಅದೇ ಮಾಡಿಕೊಡುತ್ತದೆ. ಆದರೆ ತುಂಬುವಾಗ ಕಾಣುವ ಎಂಎಎಚ್ ಬರೆದುಕೊಂಡು '2000ದ ಸೆಲ್ಲು 2300 ಹಿಡಿಯಿತು' ಎಂದು ಖುಷಿಪಡಬೇಡಿ. ತುಂಬಿದ್ದರಲ್ಲಿ ಒಂದು ಪಾಲು ಬಿಸಿಯಾಗಿ ಹೋಗುತ್ತದೆ. ಹೊರಗೆ ಬಂದದ್ದಷ್ಟೇ ಲೆಕ್ಕ. ಡಿಸ್ಚಾರ್ಜ್ ಸಂಖ್ಯೆ ನೋಡಿ.

ಅಳೆದ ಸಂಖ್ಯೆಯನ್ನು ಮಾರ್ಕರಿನಲ್ಲಿ ಸೆಲ್ಲಿನ ಮೇಲೆಯೇ ಬರೆದಿಡಿ, ತಾರೀಖಿನ ಜೊತೆ. ಕಾರಣವಿದೆ. ಮೈಕಿನಲ್ಲಾಗಲಿ ಕಾರಿನಲ್ಲಾಗಲಿ ಸೆಲ್ಲುಗಳು ಸಾಲಾಗಿ ಕೂರುತ್ತವೆ. 1900ರ ಮೂರು, 500ರ ಒಂದು ಸೇರಿಸಿದರೆ ಬಡಪಾಯಿ ಮೊದಲು ಬರಿದಾಗುತ್ತದೆ. ಮಿಕ್ಕ ಮೂರು ನಿಲ್ಲುವುದಿಲ್ಲ, ಅದರ ಮೂಲಕವೇ ಕರೆಂಟ್ ತಳ್ಳುತ್ತವೆ, ಅದರ ಪ್ಲಸ್ಸು ಮೈನಸ್ಸು ತಿರುಗುಮುರುಗಾಗುತ್ತದೆ. ಹಾಗಾದ ಸೆಲ್ಲಿಗೆ ಆಗುವ ಪೆಟ್ಟು ವಾಸಿಯಾಗುವಂಥದ್ದಲ್ಲ. ಮಗುವಿನ ಕಾರು ನಿಧಾನವಾದ ಮೇಲೂ ಪೂರ್ತಿ ನಿಲ್ಲುವ ತನಕ ಓಡಿಸುವುದೇ ಈ ಸೆಲ್ಲುಗಳಿಗೆ ಕೊಡುವ ದೊಡ್ಡ ಹಿಂಸೆ. ನಿಮ್ಮ ನಾಲ್ಕನ್ನೂ ಅಳೆದು, ಹತ್ತಿರ ಹತ್ತಿರ ಬಂದವುಗಳನ್ನು ಜೊತೆ ಮಾಡಿ. ನಾಲ್ಕರಲ್ಲಿ ಎರಡಾದರೂ ಚೆನ್ನಾಗಿದ್ದರೆ ಮೈಕ್ ಭಾಷಣ ಮುಗಿಸುತ್ತದೆ.

ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮನೆಯ ಬಿ.ಪಿ. ಮಷಿನ್‌ಗೆ ರೀಚಾರ್ಜಬಲ್ ಹಾಕಿದಾಗ ಬೇಗನೆ ಬ್ಯಾಟರಿ ಗುರುತು ಮಿನುಗಿದರೆ ಸೆಲ್ಲನ್ನು ಬೈಯಬೇಡಿ. ಆಲ್ಕಲೈನ್ ಸೆಲ್ಲಿನ ಇಳಿಜಾರಿಗೆ ಹೊಂದಿಸಿದ ಮಷಿನ್‌ಗೆ 1.2 ವೋಲ್ಟ್ ಎಂದರೆ 'ಮುಗಿಯುತ್ತಾ ಬಂತು' ಎಂದರ್ಥ. ಅಲ್ಲಿಯೂ ಅದೇ ತಪ್ಪು, ಮಟ್ಟ ನೋಡಿ ನೀರಿನ ಲೆಕ್ಕ ಹಾಕುವುದು. ಮಷಿನ್ ಜೊತೆ ಬಂದ ಪುಸ್ತಕದಲ್ಲಿ ಆಲ್ಕಲೈನ್ ಎಂದಿದ್ದರೆ ಆಲ್ಕಲೈನನ್ನೇ ಹಾಕಿ, ರೀಚಾರ್ಜಬಲ್ ಅನ್ನು ಮೈಕಿಗೂ ಕಾರಿಗೂ ಉಳಿಸಿಕೊಳ್ಳಿ.