ನಾಲ್ಕು ನಾಯಿಗಳ ಮನೆಯಲ್ಲಿ ಯಜಮಾನ ಯಾರು?

ನಮ್ಮ ಮನೆಗೆ ಯಾರೇ ಬರಲಿ, ನಾಲ್ಕೂ ನಾಯಿಗಳು ಅವರನ್ನು ಮೂಸಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ಇವುಗಳಲ್ಲಿ ಬಾಸ್ ಯಾರು?"

ಕರಿಯನಿಗೆ 11 ವರ್ಷ. ಬೀದಿಯಲ್ಲಿ ಹುಟ್ಟಿ, ಮಳೆಗೆಂದು ನಮ್ಮ ಜಗುಲಿಗೆ ಬಂದು ಇಲ್ಲೇ ಉಳಿದವನು. ಗೌರಿಯೂ ಬೀದಿಯವಳೇ. ಗುಂಡ ಲ್ಯಾಬ್ರಡಾರ್. ಚಿಂಟು ಇನ್ನೂ ಮರಿ. ಮೂಳೆ ಸಿಕ್ಕಿದರೆ ಗೌರಿ ಹೇಳಿದ್ದೇ ಕೊನೆ. ಮಂಚದ ಕೆಳಗಿನ ತಂಪು ಜಾಗ ಕರಿಯನದು, ಅಲ್ಲಿಗೆ ಗೌರಿಯೂ ಕಾಲಿಡುವುದಿಲ್ಲ. ಚೆಂಡು ಗುಂಡನದು. ಉಳಿದವರಿಗೆ ಅದು ಬೇಡವೇ ಬೇಡ. ಹಾಗಾದರೆ ಬಾಸ್ ಯಾರು? ಯಾವ ವಸ್ತು, ಯಾವ ಹೊತ್ತು, ಯಾರಿಗೆ ಅದು ಹೆಚ್ಚು ಬೇಕು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಪ್ರತಿ ಗುಂಪಿಗೂ ಒಬ್ಬ 'ಆಲ್ಫಾ', ಅಂದರೆ ಎಲ್ಲರನ್ನೂ ಅಡಗಿಸಿಡುವ ಯಜಮಾನ, ಇರಲೇಬೇಕು ಎಂಬ ನಂಬಿಕೆ ತೋಳಗಳಿಂದ ಬಂದದ್ದು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ಗಮನಿಸಿ, ಅವು ಮೇಲಿನ ಸ್ಥಾನಕ್ಕಾಗಿ ಸೆಣಸುತ್ತವೆ ಎಂದು ಒಂದು ಪ್ರಬಂಧ ಬರೆದರು. ಬೇಲಿಯೊಳಗೆ ಕೂಡಿಟ್ಟ ಪ್ರಾಣಿಗಳು ಅವು. ಜಗಳವಾದರೆ ದೂರ ಹೋಗಲು ಜಾಗವಿಲ್ಲ. ಅಮೆರಿಕದ ತೋಳ ವಿಜ್ಞಾನಿ ಡೇವಿಡ್ ಮೆಕ್ 1970ರ ತಮ್ಮ ಪುಸ್ತಕದಲ್ಲಿ ಇದೇ ವಿಚಾರ ಬರೆದರು, ಅದು ಎಲ್ಲೆಡೆ ಹರಡಿತು. ಆಮೇಲೆ ಅವರು ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಕಾಡುತೋಳಗಳ ಜೊತೆ ಹಲವು ಬೇಸಿಗೆ ಕಳೆದರು. ಅಲ್ಲಿ ಕಂಡದ್ದೇ ಬೇರೆ. ತೋಳದ ಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಮಕ್ಕಳು ಹೆತ್ತವರ ಹಿಂದೆ ಹೋಗುತ್ತವೆ, ಅಷ್ಟೇ. 1999ರಲ್ಲಿ ಅವರು ಇದನ್ನು ಪ್ರಕಟಿಸಿದರು. ತಮ್ಮ ಹಳೆಯ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನೂ ಕೇಳಿಕೊಂಡರು. ತಾನು ಬರೆದದ್ದನ್ನು ತಾನೇ ತಿದ್ದಿದ ಈ ಮನುಷ್ಯನ ಮೇಲೆ ನನಗೆ ತುಂಬಾ ಗೌರವ.

ಆದರೆ ಹಳೆಯ ಮಾತು ಸುಲಭಕ್ಕೆ ಹೋಗುವುದಿಲ್ಲ. ಕರಿಯ ಬಂದ ಹೊಸದರಲ್ಲಿ ಒಬ್ಬ ತರಬೇತುದಾರರು ನನಗೆ ಹೇಳಿದ್ದರು: "ಅಂಗಾತ ಮಲಗಿಸಿ ಒತ್ತಿ ಹಿಡಿಯಿರಿ, ನೀವೇ ಯಜಮಾನ ಅಂತ ಗೊತ್ತಾಗಲಿ." ನಾನು ಹಾಗೇ ಮಾಡಿದೆ. ಕರಿಯ ನಡುಗಿದ. ಆಮೇಲೆ ಎಷ್ಟೋ ದಿನ ನಾನು ಕೈ ಎತ್ತಿದರೆ ಸಾಕು, ಮುದುಡಿಕೊಳ್ಳುತ್ತಿದ್ದ. ಆ ದಿನ ನೆನಪಾದರೆ ಈಗಲೂ ನೋವಾಗುತ್ತದೆ.

ನಾಯಿಗಳಲ್ಲಿ ಹಿರಿಕಿರಿ ಇಲ್ಲವೇ ಇಲ್ಲ ಎಂದಲ್ಲ. ಇಟಲಿಯ ರೋಮ್ ನಗರದ ಹೊರವಲಯದ ಬೀದಿನಾಯಿಗಳನ್ನು ಅಧ್ಯಯನ ಮಾಡಿದವರಿಗೆ, ಚಿಕ್ಕವು ಹಿರಿಯ ನಾಯಿಗಳಿಗೆ ತಗ್ಗಿ ನಡೆಯುವುದು ಕಂಡಿದೆ. ನಮ್ಮಲ್ಲೂ ಚಿಂಟು ಕರಿಯನ ಹತ್ತಿರ ಹೋಗುವಾಗ ಕಿವಿ ಹಿಂದಕ್ಕೆ ಮಡಚಿ, ಮೈ ತಗ್ಗಿಸಿ, ಅವನ ಬಾಯಿಯಂಚು ನೆಕ್ಕುತ್ತಾನೆ. ಕರಿಯ ಅದನ್ನು ಕೇಳಿ ಪಡೆದದ್ದಲ್ಲ. ಚಿಂಟು ತಾನಾಗಿ ಕೊಡುವುದು.

ಊಟದ ಹೊತ್ತು ನಮ್ಮ ಮನೆಯಲ್ಲಿ ಅತಿ ಸೂಕ್ಷ್ಮ. ನಾಲ್ಕು ಮೂಲೆಯಲ್ಲಿ ನಾಲ್ಕು ತಟ್ಟೆ. ಅನ್ನ, ಮೊಟ್ಟೆ, ಒಮ್ಮೊಮ್ಮೆ ರಾಗಿ ಅಂಬಲಿ, ಕೋಳಿ ತಂದ ದಿನ ಕೋಳಿ. ನಾಯಿಗೆ ಅನ್ನ ಹಾಕಬಾರದು ಎನ್ನುವವರಿದ್ದಾರೆ. 2013ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋಳ ಮತ್ತು ನಾಯಿಯ ಜೀನುಗಳನ್ನು ಹೋಲಿಸಿ ನೋಡಿದರು. ಪಿಷ್ಟ ಕರಗಿಸುವ ಒಂದು ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ, ನಾಯಿಗಳಲ್ಲಿ 4ರಿಂದ 30ರವರೆಗೆ ಇತ್ತು. ನಮ್ಮ ಒಲೆಯ ಪಕ್ಕ ಸಾವಿರಾರು ವರ್ಷ ಕೂತು ಬದಲಾದ ಪ್ರಾಣಿ ಇದು. ಈರುಳ್ಳಿ ಹಾಕಿದ ಸಾರು ಮಾತ್ರ ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಆ ಗುಣ ಹೋಗುವುದಿಲ್ಲ.

ಗುಂಡ ತನ್ನದನ್ನು ಅರೆ ನಿಮಿಷದಲ್ಲಿ ಮುಗಿಸಿ ಬೇರೆಯವರ ತಟ್ಟೆ ಕಡೆ ನೋಡುತ್ತಾನೆ. ಮೊದಮೊದಲು ಬೈಯುತ್ತಿದ್ದೆವು. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕಕ್ಕೆ ಒಂದರಲ್ಲಿ 'ಪಿಓಎಂಸಿ' ಎಂಬ ಜೀನಿನ ಒಂದು ಚೂರು ಇರುವುದಿಲ್ಲ ಎಂದು 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಹೊಟ್ಟೆ ತುಂಬಿತು ಎಂದು ಮೆದುಳಿಗೆ ತಿಳಿಸುವ ದಾರಿಯೇ ಅಂಥ ನಾಯಿಗಳಲ್ಲಿ ದುರ್ಬಲ. ಗುಂಡನಿಗೆ ನಾವು ಪರೀಕ್ಷೆ ಮಾಡಿಸಿಲ್ಲ. ಆದರೆ ಅದನ್ನು ಓದಿದ ದಿನದಿಂದ ಅವನನ್ನು ಹೊಟ್ಟೆಬಾಕ ಎನ್ನುವುದನ್ನು ಬಿಟ್ಟೆವು. ಎಲ್ಲರೂ ಮುಗಿಸುವ ತನಕ ಅವನ ಕೋಣೆಯ ಬಾಗಿಲು ಹಾಕುತ್ತೇವೆ.

ತಿಂಡಿ ಕೊಡುವಾಗ ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಬಿಡುವ ಹಾಗಿಲ್ಲ. ವಿಯೆನ್ನಾದಲ್ಲಿ ಫ್ರೀಡರಿಕೆ ರಾಂಗೆ ಎಂಬ ವಿಜ್ಞಾನಿ ಮತ್ತು ಸಂಗಡಿಗರು 2009ರಲ್ಲಿ ಎರಡು ನಾಯಿಗಳನ್ನು ಪಕ್ಕಪಕ್ಕ ಕೂರಿಸಿ ಕೈ ಕೊಡಲು ಹೇಳಿದರು. ಇಬ್ಬರೂ ಕೈ ಕೊಟ್ಟರೂ ತಿನಿಸು ಒಂದಕ್ಕೆ ಮಾತ್ರ. ಸಿಗದಿದ್ದ ನಾಯಿ ಬೇಗನೆ ಕೈ ಕೊಡುವುದನ್ನೇ ನಿಲ್ಲಿಸಿತು. ಒಂಟಿಯಾಗಿದ್ದಾಗ ಏನೂ ಸಿಗದಿದ್ದರೂ ಅದಕ್ಕಿಂತ ಹೆಚ್ಚು ಹೊತ್ತು ಕೊಡುತ್ತಿತ್ತು. ನನಗೆ ಇಷ್ಟವಾದದ್ದು ಮುಂದಿನ ಸಂಗತಿ: ಒಂದಕ್ಕೆ ಮಾಂಸ, ಇನ್ನೊಂದಕ್ಕೆ ಬ್ರೆಡ್ ಕೊಟ್ಟರೆ ಅವು ಬೇಜಾರು ಮಾಡಿಕೊಳ್ಳಲಿಲ್ಲ. ಏನೋ ಒಂದು ಸಿಕ್ಕಿತಲ್ಲ, ಅದೇ ಸಾಕು. ನಮ್ಮಮ್ಮ ಚಪಾತಿ ಹರಿದು ಹಂಚುವಾಗ ಚೂರು ದೊಡ್ಡದೋ ಸಣ್ಣದೋ ಯಾರೂ ನೋಡುವುದಿಲ್ಲ. ಸಾಲಿನಲ್ಲಿ ಒಬ್ಬರು ತಪ್ಪಿದರೆ ಮಾತ್ರ ಗೌರಿ ಬೊಗಳುತ್ತಾಳೆ.

ಸಂಜೆ ಐದಕ್ಕೆ ಹಿತ್ತಲಿನಲ್ಲಿ ಆಟ. ಕುತ್ತಿಗೆ ಹಿಡಿಯುವುದು, ಕೆಡವುವುದು, ಹಲ್ಲು ಕಿರಿಯುವುದು. ಹೊಸಬರು ನೋಡಿದರೆ ಕೊಲೆಯೇ ಆಗುತ್ತಿದೆ ಎಂದುಕೊಳ್ಳುತ್ತಾರೆ. ಆದರೆ ನಡುನಡುವೆ ಒಬ್ಬರು ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲೆತ್ತಿ ಒಂದು ಕ್ಷಣ ನಿಲ್ಲುತ್ತಾರೆ. ಅಮೆರಿಕದ ಮಾರ್ಕ್ ಬೆಕಾಫ್ ಈ ಬಾಗುವಿಕೆಯನ್ನು ವರ್ಷಗಟ್ಟಲೆ ಅಳೆದು ನೋಡಿದವರು. ಬಾಯಲ್ಲಿ ಹಿಡಿದು ತಲೆ ಕೊಡವುವಂಥ ಒರಟು ಕಚ್ಚುವಿಕೆಯ ಸ್ವಲ್ಪ ಮುಂಚೆ ಅಥವಾ ಆದ ಕೂಡಲೇ ಇದು ಜಾಸ್ತಿ ಬರುತ್ತದೆ ಎಂದು ಅವರು 1995ರಲ್ಲಿ ತೋರಿಸಿದರು. 'ಈಗ ಮಾಡಿದ್ದು ಸುಮ್ನೆ ಆಟಕ್ಕೆ, ತಪ್ಪು ತಿಳೀಬೇಡ' ಎಂದ ಹಾಗೆ.

ಆಟ ಎಲ್ಲಿ ಮುಗಿದು ಜಗಳ ಎಲ್ಲಿ ಶುರುವಾಗುತ್ತದೆ ಎಂಬ ಅನುಮಾನ ಬಂದರೆ ನಾನು ದೊಡ್ಡವನನ್ನು ಹಿಡಿದುಕೊಳ್ಳುತ್ತೇನೆ. ಚಿಕ್ಕವನು ತಾನಾಗಿ ವಾಪಸ್ ಬಂದರೆ ಅದು ಆಟ. ಅವಕಾಶ ಸಿಕ್ಕಿತೆಂದು ಓಡಿಹೋದರೆ ಅವನಿಗೆ ಸಾಕಾಗಿದೆ.

ನಮ್ಮಲ್ಲಿ ನಿಜವಾದ ಜಗಳ ಆದದ್ದು ಗೇಟಿನ ಹತ್ತಿರ. ಹಾಲಿನವರ ಬೈಕಿನ ಹಿಂದೆ ಬೀದಿನಾಯಿ ಓಡುತ್ತದೆ. ನಾಲ್ಕೂ ಗೇಟಿಗೆ ನುಗ್ಗುತ್ತವೆ. ಹೊರಗಿನದು ಕೈಗೆ ಸಿಗುವುದಿಲ್ಲ, ಪಕ್ಕದಲ್ಲಿ ಗುಂಡ ಇದ್ದಾನೆ, ಗೌರಿ ಅವನ ಕಿವಿ ಹಿಡಿಯುತ್ತಾಳೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಅದೇ. ಇಲ್ಲಿ ಬಾಸ್ ಯಾರೆಂಬ ಪ್ರಶ್ನೆಯೇ ಇಲ್ಲ. ಉಕ್ಕಿದ ಸಿಟ್ಟು ಸಿಕ್ಕಿದ ಕಡೆ ಹರಿಯಿತು. ಗೇಟಿನ ಕೆಳಗಿನ ಅರ್ಧಕ್ಕೆ ತಗಡು ಹೊಡೆಸಿದೆವು. ಬೀದಿ ಕಾಣದ ಮೇಲೆ ಅಲ್ಲಿ ಕಚ್ಚಾಟ ನಿಂತಿತು.

ಜಗಳದ ನಡುವೆ ಕೈ ಮಾತ್ರ ಹಾಕಬೇಡಿ. ದಪ್ಪ ಹೊದಿಕೆ ಎಸೆಯಿರಿ, ತಟ್ಟೆ ಬಡಿಯಿರಿ. ಹಲ್ಲು ತಾಗಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ನಾಯಿಗಳಿಗೆ ರೇಬೀಸ್ ಲಸಿಕೆ ತಪ್ಪಿಸಬೇಡಿ.

ಚಿಂಟು ಸಿಕ್ಕಿದ್ದು ಚರಂಡಿ ಪಕ್ಕ, ಐದು ವಾರದವನಿರಬೇಕು. 3ರಿಂದ 12 ವಾರದ ನಡುವೆ ಮರಿಗಳು ಒಡಹುಟ್ಟಿದವರ ಜೊತೆ ಉರುಳಾಡುತ್ತಾ ಎಷ್ಟು ಜೋರಾಗಿ ಕಚ್ಚಬಹುದು ಎಂದು ಕಲಿಯುತ್ತವೆ. ಇವನಿಗೆ ಆ ಪಾಠ ತಪ್ಪಿತ್ತು. ನಮ್ಮ ಕೈಯೆಲ್ಲ ಗೀರು. ಕಲಿಸಿದವಳು ಗೌರಿ. ಜೋರಾಗಿ ಕಚ್ಚಿದನೋ, ಕುಂಯ್ ಎಂದು ಎದ್ದು ಹೋಗಿಬಿಡುತ್ತಿದ್ದಳು. ಆಟವೇ ಬಂದ್. ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತಿದ್ದಳು. ಮೂರು ವಾರ ಹೀಗೇ ನಡೆಯಿತು. ನಿನ್ನೆ ಸಂಜೆ ಅವನು ಕರಿಯನ ಮುಂದೆ ಮುಂಗಾಲು ಚಾಚಿ ಬಾಗಿದ. ಕರಿಯ ಮುಖ ಆಚೆ ತಿರುಗಿಸಿ, ನಿಧಾನಕ್ಕೆ ಮಂಚದ ಕೆಳಗೆ ಹೋಗಿ ಮಲಗಿದ. ಚಿಂಟು ಮಂಚದ ತನಕ ಹೋಗಿ ನಿಂತ, ಒಳಗೆ ಇಣುಕಿದ, ಆಮೇಲೆ ತಿರುಗಿ ಗೌರಿಯ ಹತ್ತಿರ ಓಡಿದ.