ಹಳೆಯ ಕಿಡ್ನಿ ಅಲ್ಲೇ ಇರುತ್ತದೆ

ಕಿಡ್ನಿ ಕಸಿ ಎಂದರೆ ಕೆಟ್ಟದ್ದನ್ನು ಕಿತ್ತು ಅದೇ ಜಾಗದಲ್ಲಿ ಒಳ್ಳೆಯದನ್ನು ಕೂರಿಸುವುದು ಎಂದೇ ಬಹಳಷ್ಟು ಜನ ತಿಳಿದಿರುತ್ತಾರೆ. ಹಾಗಲ್ಲ. ಪದೇ ಪದೇ ಸೋಂಕು, ಹತೋಟಿಗೆ ಬಾರದ ರಕ್ತದೊತ್ತಡದಂಥ ಕಾರಣವಿದ್ದರೆ ಮಾತ್ರ ಹಳೆಯದನ್ನು ತೆಗೆಯುತ್ತಾರೆ. ಹೊಸ ಕಿಡ್ನಿ ಕೂರುವುದು ಕಿಬ್ಬೊಟ್ಟೆಯಲ್ಲಿ, ಸಾಮಾನ್ಯವಾಗಿ ಬಲಬದಿಗೆ. ಅದರ ರಕ್ತನಾಳಗಳನ್ನು ಕಾಲಿನ ಕಡೆಗೆ ಸಾಗುವ ದೊಡ್ಡ ನಾಳಗಳಿಗೂ ಮೂತ್ರನಾಳವನ್ನು ಮೂತ್ರಕೋಶಕ್ಕೂ ಜೋಡಿಸಿ ಹೊಲಿಯುತ್ತಾರೆ. ದಾನಿ ಜೀವಂತ ವ್ಯಕ್ತಿಯಾಗಿದ್ದರೆ, ರಕ್ತ ಹರಿದ ಕೆಲವೇ ನಿಮಿಷಗಳಲ್ಲಿ ಮೂತ್ರ ಜಿನುಗುವುದನ್ನು ಶಸ್ತ್ರವೈದ್ಯರು ಎಷ್ಟೋ ಸಲ ಕಣ್ಣಾರೆ ಕಾಣುತ್ತಾರೆ.

ಹರೆಯದಲ್ಲೇ ಕಿಡ್ನಿ ಕೆಟ್ಟು ಕಸಿಯ ಹಂತಕ್ಕೆ ಬಂದವರನ್ನು ಕಂಡಾಗ ಏಳುವ ಪ್ರಶ್ನೆ: ಇಷ್ಟು ಚಿಕ್ಕ ವಯಸ್ಸಿನಲ್ಲಿ ಯಾಕೆ ಬಂತು? ದೊಡ್ಡವರ ಕಿಡ್ನಿ ಕೆಡಲು ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಖ್ಯ ಕಾರಣಗಳು. ಎಳೆಯರಲ್ಲಿ ಹೆಚ್ಚಾಗಿ ಕಾಣುವುದು ಹುಟ್ಟಿನಿಂದಲೇ ಇರುವ ರಚನಾ ದೋಷ, ಆನುವಂಶಿಕ ರೋಗ, ರಕ್ತ ಸೋಸುವ ಸೂಕ್ಷ್ಮ ಜಾಲಕ್ಕೆ ತಗಲುವ ಕಾಯಿಲೆಗಳು. ಒಂದೊಂದು ಕಿಡ್ನಿಯಲ್ಲೂ ರಕ್ತ ಸೋಸಿ ಮೂತ್ರ ತಯಾರಿಸುವ ಸುಮಾರು 10 ಲಕ್ಷ ಸೂಕ್ಷ್ಮ ಘಟಕಗಳು, ಅಂದರೆ ನೆಫ್ರಾನ್‌ಗಳಿವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಉಳಿದವು ಹೆಚ್ಚುವರಿ ದುಡಿದು ಕೊರತೆಯನ್ನು ಮುಚ್ಚಿಡುವುದರಿಂದ, ಸುಸ್ತು, ಬಾವು ಕಾಣಿಸುವ ಹೊತ್ತಿಗೆ ಬಹುಪಾಲು ಹೋಗಿರುತ್ತದೆ. ನೀರು ಸರಿಯಾಗಿ ಕುಡಿಯದೆ ಹೀಗಾಯಿತು ಎಂದು ರೋಗಿಯನ್ನೇ ದೂರುವ ಬಂಧುಗಳು ಇದನ್ನು ಅರಿತರೆ ಒಳ್ಳೆಯದು.

ಹೊಲಿಯುವ ಕೌಶಲ ವೈದ್ಯರಿಗೆ ಎಂದೋ ಸಿದ್ಧಿಸಿತ್ತು. ಅಡ್ಡಿಯಾಗಿದ್ದದ್ದು ಬೇರೆಯವರ ಅಂಗವನ್ನು ಹೊರಗಿನದೆಂದು ಗುರುತಿಸಿ ದಾಳಿ ಮಾಡುವ ದೇಹದ ರೋಗನಿರೋಧಕ ವ್ಯವಸ್ಥೆ. ತದ್ರೂಪಿ ಅವಳಿಗಳ ನಡುವೆ ಮಾತ್ರ ಆ ಅಡ್ಡಿ ಇರಲಿಲ್ಲ. 1954ರ ಡಿಸೆಂಬರ್ 23ರಂದು ಬಾಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಸಂಗಡಿಗರು 23 ವರ್ಷದ ರಿಚರ್ಡ್ ಹೆರಿಕ್‌ಗೆ ಅವನ ತದ್ರೂಪಿ ಅವಳಿ ರೊನಾಲ್ಡ್‌ನ ಕಿಡ್ನಿಯನ್ನು ಕಸಿ ಮಾಡಿದರು. ಮೊದಲೇ ಒಬ್ಬನ ಚರ್ಮದ ತುಣುಕನ್ನು ಇನ್ನೊಬ್ಬನಿಗೆ ಹಚ್ಚಿ, ದೇಹ ಒಪ್ಪುತ್ತದೆಯೇ ಎಂದು ನೋಡಿದ್ದರು. ರಿಚರ್ಡ್ ಮುಂದೆ ಎಂಟು ವರ್ಷ ಬದುಕಿದ, ಮದುವೆಯಾದ, ಮಕ್ಕಳನ್ನು ಕಂಡ. ಮರ್ರೆಗೆ 1990ರಲ್ಲಿ ನೊಬೆಲ್ ಬಂತು.

ತದ್ರೂಪಿ ಅವಳಿ ಎಲ್ಲರಿಗೂ ಇರುವುದಿಲ್ಲವಲ್ಲ. ಉಳಿದವರು ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿಕೊಂಡೇ ಇರಬೇಕು, ಹೊಸ ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ. ಶಸ್ತ್ರಚಿಕಿತ್ಸೆಗಿಂತ ಹೆಚ್ಚಿನ ಅಪಾಯ ನನಗೆ ಕಾಣುವುದು ಇಲ್ಲೇ. ಕಸಿ ಕಿಡ್ನಿ ಕೈಕೊಡುವ ಪ್ರಮಾಣ ಸುಮಾರು 17ರಿಂದ 24ರ ವಯಸ್ಸಿನಲ್ಲಿ ಏರುತ್ತದೆ. ಅದೂ ಅಪ್ಪ ಅಮ್ಮನ ನಿಗಾ ತಪ್ಪುವ, ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ದಾಟುವ ಹೊತ್ತು. ಈ ಮಾತ್ರೆಗಳ ಜೊತೆ ಕೊಡುವ ಸ್ಟೆರಾಯ್ಡ್‌ನಿಂದ ಮುಖ ಊದಿಕೊಂಡು ಮೊಡವೆ ಎದ್ದಾಗ, ಹರೆಯದವರಿಗೆ ಮಾತ್ರೆ ಬಿಡೋಣ ಎನಿಸಿದರೆ ಅದನ್ನು ಬೇಜವಾಬ್ದಾರಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಡೋಸ್ ತಪ್ಪಿದ್ದು ತಕ್ಷಣ ಮೈಗೆ ತಿಳಿಯುವುದಿಲ್ಲ: ನೋವಿಲ್ಲ, ಜ್ವರವಿಲ್ಲ. ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ತ್ಯಾಜ್ಯ ರಕ್ತಪರೀಕ್ಷೆಯಲ್ಲಿ ಏರಿದಾಗಲೇ ತಿಳಿಯುವುದು.

ಎಲ್ಲವನ್ನೂ ಪಾಲಿಸಿದರೂ ಜೀವಂತ ದಾನಿಯ ಕಿಡ್ನಿ ಸರಾಸರಿ 15ರಿಂದ 20 ವರ್ಷ ಬಾಳುತ್ತದೆ. ಹಾಗಾಗಿ ಇಪ್ಪತ್ತರ ಆಸುಪಾಸಿನಲ್ಲಿ ಕಸಿಯಾದವರಿಗೆ ಮುಂದೆ ಇನ್ನೊಂದು ಬೇಕಾಗುವ ಸಂಭವವೇ ಹೆಚ್ಚು. ಮೊದಲ ಕಿಡ್ನಿಯ ವಿರುದ್ಧ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಂಡಿದ್ದರೆ, ಅದೇ ಬಗೆಯ ಅಂಗಾಂಶವಿರುವ ದಾನಿಗಳೆಲ್ಲ ಪಟ್ಟಿಯಿಂದ ಹೊರಗುಳಿಯುತ್ತಾರೆ.