ಹತ್ತು ಸಾವಿರದ ಮೌಸ್, ನೂರು ರೂಪಾಯಿಯ ಸ್ವಿಚ್

ಮುಂಬೈಯಲ್ಲಿ ನಮ್ಮವರ ಆಫೀಸುಗಳಿಗೆ ಹೋಗಿ ನೋಡಿ. ಫೋರ್ಟಿನ ಸಿಎ ಆಫೀಸಿರಲಿ, ಡೊಂಬಿವಿಲಿಯ ಮನೆಯಿಂದಲೇ ಕೋಡ್ ಬರೆಯುವವರಿರಲಿ, ಮೇಜಿನ ಮೇಲೆ ಒಂದು ದಪ್ಪನೆಯ ವೈರ್‌ಲೆಸ್ ಮೌಸ್ ಕೂತಿರುತ್ತದೆ. ಬೆಲೆ ಎಂಟು-ಹತ್ತು ಸಾವಿರ. ಹೇಗಿದೆ ಅಂತ ಕೇಳಿದರೆ ಎರಡು ಮಾತು ಬರುತ್ತವೆ. ಕೈಗೆ ಬಹಳ ಆರಾಮ. ಆದ್ರೆ ಬೇಗ ಕೆಡುತ್ತೆ ಮಾರಾಯ್ರೇ. ಎರಡೂ ನಿಜ. ಮೊದಲನೆಯದಕ್ಕೆ ಮಾಡಿದ ಏರ್ಪಾಡೇ ಎರಡನೆಯದಕ್ಕೆ ಕಾರಣ ಅನ್ನುವುದು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ.

ಹಳೆಯ ಕಥೆ ಬೇಗ ಮುಗಿಸೋಣ. 1964ರಲ್ಲಿ ಅಮೆರಿಕದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಮರದ ಡಬ್ಬಿಗೆ ಎರಡು ಚಕ್ರ ಹಾಕಿ ಮೊದಲ ಮೌಸ್ ಮಾಡಿದರು, 1984ರಲ್ಲಿ ಆಪಲ್‌ನ ಮ್ಯಾಕ್ ಕಂಪ್ಯೂಟರ್ ಅದನ್ನು ಮನೆಮನೆಗೆ ತಂದಿತು, 1991ರಲ್ಲಿ ಲಾಜಿಟೆಕ್ ಕಂಪನಿ ರೇಡಿಯೋ ಮೌಸ್ ತಂದು ವೈರ್ ಕಿತ್ತಿತು, 1996ರಲ್ಲಿ ಮೈಕ್ರೋಸಾಫ್ಟ್ ಮೌಸ್‌ಗೆ ಸ್ಕ್ರೋಲ್ ಚಕ್ರ ಬಂತು, 1999ರಲ್ಲಿ ಅದೇ ಕಂಪನಿಯ ಆಪ್ಟಿಕಲ್ ಮೌಸ್ ಬಂದ ಮೇಲೆ ಒಳಗಿನ ರಬ್ಬರ್ ಉಂಡೆಯ ಕಾಲ ಮುಗಿಯಿತು. ಆ ಉಂಡೆ ತೆಗೆದು ರೋಲರ್‌ಗೆ ಅಂಟಿದ ಕೊಳೆಯನ್ನು ಉಗುರಿನಿಂದ ಕೆರೆಯುತ್ತಿದ್ದವರಿಗೆ ಈಗ ನಲವತ್ತು ದಾಟಿರಬೇಕು.

ಆರಾಮದ ಪೈಪೋಟಿ ಜೋರಾಗಿದ್ದು ಆಮೇಲೆ. 2004ರಲ್ಲಿ ಲಾಜಿಟೆಕ್‌ನ ಎಂಎಕ್ಸ್ 1000 ಬಂತು. ಲೇಸರ್ ಮೌಸ್, ಒಳಗೇ ಚಾರ್ಜ್ ಆಗುವ ಲಿಥಿಯಂ ಬ್ಯಾಟರಿ, ಹೆಬ್ಬೆರಳಿಗೆ ಒಂದು ತಗ್ಗು. 2015ರ ಎಂಎಕ್ಸ್ ಮಾಸ್ಟರ್ ಇನ್ನೂ ಮುಂದೆ ಹೋಯಿತು. ಅಂಗೈ ಪೂರ್ತಿ ಒರಗುವಂಥ ಬೆನ್ನು, ಮೇಲೆ ಮೆತ್ತನೆಯ ರಬ್ಬರಿನಂಥ ಹೊದಿಕೆ. 2018ರಲ್ಲಿ 57 ಡಿಗ್ರಿ ಓರೆಯಾಗಿ ನಿಂತ ಮೌಸ್ ಬಂತು. ಯಾರಿಗೋ ಕೈ ಕುಲುಕಲು ಚಾಚಿದ ಹಾಗೆ ಹಿಡಿಯಬಹುದು, ಮುಂಗೈ ತಿರುಚಬೇಕಾಗಿಲ್ಲ. 2022ರ ಎಂಎಕ್ಸ್ ಮಾಸ್ಟರ್ 3ಎಸ್‌ನಲ್ಲಿ ಕ್ಲಿಕ್ ಸದ್ದೂ ಅಡಗಿತು. ಮಾರ್ಚ್ ತಿಂಗಳು ಪೂರ್ತಿ ಎಕ್ಸೆಲ್ ಮುಂದೆ ಕೂರುವವರಿಗೆ ಇದು ಸುಮ್ನೆ ಶೋಕಿಯಲ್ಲ, ಸಂಜೆ ಹೊತ್ತಿಗೆ ಮಣಿಕಟ್ಟಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಹಾಗಂತ ಎಲ್ಲರಿಗೂ ಒಗ್ಗುವುದೂ ಇಲ್ಲ. 3ಎಸ್ ತೂಕ 141 ಗ್ರಾಂ. ಚಿಕ್ಕ ಕೈಯವರಿಗೆ ಜಾಸ್ತಿಯೇ. ಎಡಗೈಯವರನ್ನಂತೂ ಇದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಈಗ ಆ ಹೊದಿಕೆಯ ವಿಷಯ. ಎರಡು ಮಳೆಗಾಲ ಕಳೆದ ಮೇಲೆ ಕೈಗೆ ಅಂಟಂಟು, ಧೂಳೆಲ್ಲ ಅದಕ್ಕೇ. ಬೆವರು, ಕೈಯ ಎಣ್ಣೆ ಅಂತ ನಮ್ಮನ್ನೇ ಬೈದುಕೊಳ್ಳುತ್ತೇವೆ. ಅವುಗಳ ಪಾಲೂ ಇದೆ ಅನ್ನಿ. ಆದರೆ ಇಂಥ ಮೆತ್ತನೆ ಹೊದಿಕೆಗಳಲ್ಲಿ ಹಲವು ಪಾಲಿಯುರೆಥೇನ್ ಜಾತಿಯವು, ಗಾಳಿಯ ತೇವ ಆ ಪ್ಲಾಸ್ಟಿಕ್‌ನ ಉದ್ದುದ್ದ ಸರಪಳಿಗಳನ್ನು ನಿಧಾನಕ್ಕೆ ಕಡಿಯುತ್ತಾ ಹೋಗುತ್ತದೆ, ಆಗ ಗಟ್ಟಿಯಿದ್ದದ್ದು ಜಿಗುಟಾಗುತ್ತದೆ. ಜುಲೈಯಲ್ಲಿ ಡಬ್ಬಿಯೊಳಗಿನ ಹಪ್ಪಳ ಮೆತ್ತಗಾದ ಹಾಗೆಯೇ, ವಾಪಸ್ ಗರಿಗರಿ ಆಗುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ಬಳಸದೆ ಕಪಾಟಿನಲ್ಲಿಟ್ಟರೂ ಇದು ತಪ್ಪಿದ್ದಲ್ಲ. ಮುಂಬೈ, ಗೋವಾ, ಮಂಗಳೂರು, ಕರಾವಳಿಯುದ್ದಕ್ಕೂ ಇದೇ ಪಾಡು. ಒಣ ಗಾಳಿಯಲ್ಲಿ, ಎಸಿ ರೂಮಿನಲ್ಲಿ ಚೆನ್ನಾಗಿ ಬಾಳುವುದನ್ನು ಇಲ್ಲಿಗೂ ಹಾಗೇ ಕಳಿಸಿದರೆ ಇನ್ನೇನಾಗಬೇಕು, ಅಲ್ವಾ? ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಉಜ್ಜಿದರೆ ಹೊದಿಕೆ ಪೂರ್ತಿ ಎದ್ದು ಬರುತ್ತದೆ. ಅಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಇರುತ್ತದೆ, ಮೌಸ್ ಮೊದಲಿನ ಹಾಗೆಯೇ ಓಡುತ್ತದೆ, ದುಡ್ಡು ಕೊಟ್ಟ ಆ ಮೆತ್ತನೆ ಮಾತ್ರ ಇರುವುದಿಲ್ಲ.

ಇದಕ್ಕಿಂತ ತಲೆ ಕೆಡಿಸುವುದು ಡಬಲ್ ಕ್ಲಿಕ್. ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗುತ್ತದೆ, ಫೈಲ್ ಎಳೆದು ತರುವಾಗ ಮಧ್ಯದಲ್ಲೇ ಕೈಬಿಡುತ್ತದೆ. ಗುಂಡಿಯ ಕೆಳಗಿರುವುದು ನೂರು ರೂಪಾಯಿ ಒಳಗಿನ ಒಂದು ಮೈಕ್ರೋ ಸ್ವಿಚ್, ಅದರೊಳಗೆ ಒಂದು ತೆಳು ತಾಮ್ರದ ಪಟ್ಟಿ. ಒತ್ತಿದಾಗ ಪಟ್ಟಿ ಟಕ್ ಅಂತ ತಾಗುತ್ತದೆ, ತಾಗುವಾಗ ಸ್ವಲ್ಪ ಕುಪ್ಪಳಿಸುತ್ತದೆ. ಆ ಕುಪ್ಪಳಿಕೆಯನ್ನು ಸಾಫ್ಟ್‌ವೇರ್ ಕೆಲವು ಮಿಲಿಸೆಕೆಂಡ್ ಕಾದು ಲೆಕ್ಕದಿಂದ ಬಿಡುತ್ತದೆ. ಪಟ್ಟಿ ಸೋತರೆ, ತಾಗುವ ಜಾಗದಲ್ಲಿ ಕಿಲುಬು ಕೂತರೆ, ಆ ಕಾಯುವಿಕೆ ಸಾಲುವುದಿಲ್ಲ. ವೈರ್‌ಲೆಸ್‌ನಲ್ಲಿ ಬ್ಯಾಟರಿ ಉಳಿಸಲು ಸ್ವಿಚ್‌ಗೆ ಕೊಡುವ ವೋಲ್ಟೇಜೂ ಕರೆಂಟೂ ತೀರಾ ಕಡಿಮೆ, ಹಾಗಾಗಿ ಕಿಲುಬನ್ನು ಭೇದಿಸುವ ಶಕ್ತಿಯೇ ಇಲ್ಲ ಎಂದು ರಿಪೇರಿ ಬಲ್ಲವರು ಹೇಳುತ್ತಾರೆ. ಡಬ್ಬದ ಮೇಲೆ 2 ಕೋಟಿ ಕ್ಲಿಕ್, 5 ಕೋಟಿ ಕ್ಲಿಕ್ ಅಂತ ಬರೆದಿರುತ್ತಾರೆ. ದಿನಕ್ಕೆ 5,000 ಕ್ಲಿಕ್ ಅಂದುಕೊಂಡರೂ 2 ಕೋಟಿ ಮುಗಿಯಲು 4,000 ದಿನ, ಅಂದರೆ ಹನ್ನೊಂದು ವರ್ಷ ಹತ್ತಿರ. ಆ ಲೆಕ್ಕದಲ್ಲಿ ಉಪ್ಪುಗಾಳಿಯೂ ಇಲ್ಲ, ಮಳೆಗಾಲವೂ ಇಲ್ಲ.

ಬ್ಯಾಟರಿಯದು ಚಿಕ್ಕ ಕಥೆ. ಹಿಂದೆ ಎರಡು ಪೆನ್ಸಿಲ್ ಸೆಲ್ ಹಾಕಿದರೆ ಆಯ್ತು. ಈಗ ಒಳಗೇ ಕೂತ ಲಿಥಿಯಂ, ಅದಕ್ಕೆ ತಲುಪಲು ಬೇಕಾದ ಸ್ಕ್ರೂಗಳು ಹಲವು ಮಾಡೆಲ್‌ಗಳಲ್ಲಿ ಅಡಿಯ ಟೆಫ್ಲಾನ್ ಪಾದಗಳ ಕೆಳಗೆ. ಪಾದ ಕಿತ್ತರೆ ಮತ್ತೆ ಸರಿಯಾಗಿ ಅಂಟುವುದಿಲ್ಲ. (2015ರಲ್ಲಿ ಆಪಲ್ ತನ್ನ ಮ್ಯಾಜಿಕ್ ಮೌಸ್‌ನ ಹೊಟ್ಟೆಗೇ ಚಾರ್ಜಿಂಗ್ ತೂತು ಕೊಟ್ಟಿತು, 2024ರಲ್ಲಿ ತೂತಿನ ಆಕಾರ ಬದಲಾಯಿತು, ಜಾಗ ಬದಲಾಗಲಿಲ್ಲ. ಯಾಕೋ ದೇವರೇ ಬಲ್ಲ.)

ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಸ್ವಿಚ್ ಬದಲಿಸಿ ಬೆಸುಗೆ ಹಾಕುವ ಕೈಗಳಿಗೇನೂ ಬರವಿಲ್ಲ. ಆದರೆ ಕೆಲಸದ ಕೂಲಿ ಕೇಳಿದ ಮೇಲೆ ಬಹಳಷ್ಟು ಜನ ಹೊಸದನ್ನೇ ಕೊಳ್ಳುತ್ತಾರೆ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಆ ವರ್ಷದ ಕೊನೆಗೆ ಪೋರ್ಟಲನ್ನೂ ತೆರೆಯಿತು. ಮಾತೆಲ್ಲ ಮೊಬೈಲ್, ಟ್ರ್ಯಾಕ್ಟರ್, ಕಾರು, ಮನೆಬಳಕೆಯ ಯಂತ್ರಗಳ ಸುತ್ತಲೇ. ಮೌಸ್ ಯಾರಿಗೂ ನೆನಪಾದಂತಿಲ್ಲ. 2024ರಲ್ಲಿ ಲಾಜಿಟೆಕ್‌ನ ಮುಖ್ಯಸ್ಥೆ ಹನೆಕೆ ಫೇಬರ್, ಒಂದು ಗಡಿಯಾರದ ಹಾಗೆ ಕಾಲಕಾಲಕ್ಕೂ ಬಾಳುವ ಮೌಸ್ ಬಗ್ಗೆ ಮಾತಾಡಿದರು. ಆದರೆ ಸಾಫ್ಟ್‌ವೇರ್‌ಗೆ ಚಂದಾ ಕಟ್ಟುವ ಮಾತೂ ಜೊತೆಗೆ ಬಂದು ಜನ ರೇಗಿದರು, ಅಂಥ ಯೋಜನೆ ಇಲ್ಲ ಎಂದು ಕಂಪನಿ ಹೇಳಿತು.

ಡಬಲ್ ಕ್ಲಿಕ್‌ಗೆ ಮದ್ದು ಆಗಲೇ ಇದೆ. ತಾಮ್ರದ ಪಟ್ಟಿಯ ಬದಲು ಬೆಳಕಿನ ಕಿರಣದಿಂದ ಕ್ಲಿಕ್ ಗುರುತಿಸುವ ಆಪ್ಟಿಕಲ್ ಸ್ವಿಚ್. 2019ರಲ್ಲೇ ರೇಜರ್ ಎಂಬ ಕಂಪನಿಯ ಗೇಮಿಂಗ್ ಮೌಸ್‌ಗಳಲ್ಲಿ ಬಂತು, 2022ರಲ್ಲಿ ಲಾಜಿಟೆಕ್‌ನ ಗೇಮಿಂಗ್ ಸಾಲಿಗೂ ಅದರ ಬೆರಕೆ ರೂಪ ಬಂತು. ಆಫೀಸಿಗಂತ ಮಾರುವ ದುಬಾರಿ ಮೌಸ್ ಕೊಳ್ಳುವ ಮೊದಲು ಅಂಗಡಿಯಲ್ಲಿ ಇದನ್ನೊಂದು ಕೇಳಿ, ಮೈ ಮೇಲೆ ರಬ್ಬರ್ ಬದಲು ಗಟ್ಟಿ ಪ್ಲಾಸ್ಟಿಕ್ ಇರುವುದು ಸಿಗುತ್ತಾ ಅಂತಲೂ ಕೇಳಿ. ಇಲ್ಲ ಅಂದರೆ ಪಕ್ಕದ ಗೇಮಿಂಗ್ ಕಪಾಟು ನೋಡಿ, ಬಣ್ಣದ ಲೈಟನ್ನು ಆಫ್ ಮಾಡಬಹುದು.